ಘಟಪ್ರಭೆಯ ದಂಡೆಯಲ್ಲೊಬ್ಬ ಕನಸುಗಾರ: ಸೇವಾದಳದ ಡಾ. ನಾ.ಸು. ಹರ್ಡೀಕರ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಸೀಮೆಯನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಘಟಪ್ರಭಾ ನದಿ. ಪಶ್ಚಿಮ ಘಟ್ಟಗಳಲ್ಲಿ ಹುಟ್ಟಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತು, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಬಂಡೆಗಳ ಮೇಲಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕಿ ಮುಂದೆ ಸಾಗುವ ಈ ನದಿಯನ್ನು ನೋಡಲು ಮಳೆಗಾಲದಲ್ಲಿ ನಾಡಿನ ಎಲ್ಲೆಡೆಯಿಂದ ಪ್ರವಾಸಿಗರು ಬರುತ್ತಾರೆ. ಜಲಪಾತ ನೋಡಿ, ತೂಗು ಸೇತುವೆಯ ಮೇಲೆ ನಿಂತು, ಗೋಕಾಕದ ಕರದಂಟು ಕಟ್ಟಿಸಿಕೊಂಡು ಮರಳುವ ಇವರಲ್ಲಿ ಎಷ್ಟು ಜನ, ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ನದಿಯ ಹೆಸರನ್ನೇ ಹೊತ್ತ ಘಟಪ್ರಭಾ ಎಂಬ ಪುಟ್ಟ ಊರಿಗೆ ಹೋಗಿ ಬರುತ್ತಾರೋ ಹೇಳಲಾಗದು.

ಆದರೆ ಸ್ವಾತಂತ್ರ್ಯ ಹೋರಾಟದ ಚರಿತ್ರೆಯನ್ನು ಬಲ್ಲವರಿಗೆ ಘಟಪ್ರಭಾ ಒಂದು ರೈಲು ನಿಲ್ದಾಣದ ಹೆಸರು ಮಾತ್ರವಲ್ಲ. ಅಮೆರಿಕೆಯಲ್ಲಿ ಉನ್ನತ ಶಿಕ್ಷಣ ಪಡೆದು, ಹಣ ಹೆಸರು ಎರಡನ್ನೂ ತರಬಲ್ಲ ವೈದ್ಯವೃತ್ತಿಯನ್ನು ಬದಿಗಿಟ್ಟು, ದೇಶದ ತರುಣರನ್ನು ಶಿಸ್ತಿನ ಒಂದು ಸೇವಾಪಡೆಯಾಗಿ ಕಟ್ಟಬೇಕೆಂಬ ಕನಸನ್ನು ನನಸು ಮಾಡಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ ಅವರು ನೆಲೆಸಿದ ಊರು ಅದು. ಅವರ ಹೆಸರಿನೊಡನೆ ಇಂದಿಗೂ ಬೆಸೆದುಕೊಂಡಿರುವ ಊರೂ ಅದೇ.

ಹರ್ಡೀಕರ ಎಂದೊಡನೆ ಅನೇಕರಿಗೆ ನೆನಪಾಗುವುದು ಹರ್ಡೇಕರ ಮಂಜಪ್ಪನವರು. ಕರ್ನಾಟಕದ ಗಾಂಧಿ ಎಂದು ಹೆಸರಾದ ಬನವಾಸಿಯ ಮಂಜಪ್ಪನವರೇ ಬೇರೆ, ಸೇವಾದಳದ ಹರ್ಡೀಕರರೇ ಬೇರೆ. ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಒಂದೇ ಉತ್ತರ ಕರ್ನಾಟಕದ ನೆಲದಲ್ಲಿ, ಒಂದೇ ಧ್ಯೇಯಕ್ಕಾಗಿ ದುಡಿದ ಈ ಇಬ್ಬರ ಹೆಸರುಗಳು ಬೆರೆತುಹೋಗಿರುವುದು ಸಹಜವೇ. ಆದರೆ ಇದರಿಂದ ಡಾಕ್ಟರರ ನೆನಪು ಮಸುಕಾಗಿದೆ ಎಂಬುದೂ ಅಷ್ಟೇ ನಿಜ.

ಕನಸಿನ ಬೀಜ

ಹರ್ಡೀಕರರು ಜನಿಸಿದ್ದು 1889ರ ಮೇ 7ರಂದು, ಅಂದಿನ ಧಾರವಾಡ ಜಿಲ್ಲೆಯಲ್ಲಿ. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡ ನೆಲದ ಆಡಳಿತ ಮುಂಬಯಿಯಿಂದ ನಡೆಯುತ್ತಿತ್ತು. ರಾಜಕೀಯದ ಗಾಳಿ ಪುಣೆಯ ಕಡೆಯಿಂದ ಬೀಸುತ್ತಿತ್ತು. ಅವರು ಹದಿಹರೆಯಕ್ಕೆ ಕಾಲಿಟ್ಟ ಹೊತ್ತಿಗೆ, 1905ರಲ್ಲಿ, ಬಂಗಾಳದ ವಿಭಜನೆಯಾಯಿತು. ಸ್ವದೇಶಿ ಚಳವಳಿಯ ಕಾವು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಗೂ ತಟ್ಟಿತು. ಲೋಕಮಾನ್ಯ ತಿಲಕರ ಮಾತು, ಬರಹಗಳು ಈ ಭಾಗದ ವಿದ್ಯಾರ್ಥಿಗಳನ್ನು ಸೆಳೆದವು. ಆ ಸೆಳೆತಕ್ಕೆ ಸಿಕ್ಕವರಲ್ಲಿ ನಾರಾಯಣರಾಯರೂ ಒಬ್ಬರು.

ಅದೇ ಕಾಲದಲ್ಲಿ ಈ ಭಾಗವನ್ನು ಇನ್ನೊಂದು ವಿಪತ್ತು ಕಾಡುತ್ತಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ದಾರಿಗುಂಟ ಇಳಿದು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಪ್ರದೇಶಗಳನ್ನು ಹೊಕ್ಕಿತು. ಜನ ಮನೆ ಮಠ ಬಿಟ್ಟು ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಬದುಕಿದ ಕಾಲವದು. ರೋಗಕ್ಕೆ ಮದ್ದಿಗಿಂತಲೂ ಮೊದಲು ಶುಚಿತ್ವ ಬೇಕು, ಶುಚಿತ್ವಕ್ಕೆ ಜನರ ಒಗ್ಗಟ್ಟು ಬೇಕು ಎಂಬ ಪಾಠವನ್ನು ಆ ತಲೆಮಾರು ಕಣ್ಣಾರೆ ಕಂಡು ಕಲಿತಿತ್ತು. ಮುಂದೆ ಹರ್ಡೀಕರರು ಆರಿಸಿಕೊಂಡ ವಿದ್ಯೆಯೂ ಇದಕ್ಕೆ ಸಂಬಂಧಿಸಿದ್ದೇ.

ವೈದ್ಯಕೀಯ ಕಲಿಯಲು ಅವರು ಹೋದದ್ದು ದೂರದ ಕಲ್ಕತ್ತೆಗೆ. ಬಂಗಾಳವು ಅಂದು ದೇಶಭಕ್ತಿಯ ಕುಲುಮೆಯಾಗಿತ್ತು. ವೈದ್ಯವಿದ್ಯೆಯ ಜೊತೆಗೆ ಸಂಘಟನೆಯ ಹುಚ್ಚನ್ನೂ ಹೊತ್ತ ಆ ತರುಣ ಹೆಚ್ಚಿನ ವ್ಯಾಸಂಗಕ್ಕಾಗಿ ಹಡಗು ಹತ್ತಿ ಅಮೆರಿಕೆ ಸೇರಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಅಭ್ಯಸಿಸಿ 1916ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಒಬ್ಬೊಬ್ಬ ರೋಗಿಯ ನಾಡಿ ಹಿಡಿಯುವ ವೈದ್ಯನಿಗಿಂತ, ಇಡೀ ಊರಿನ ನೀರು, ಗಾಳಿ, ಚರಂಡಿಗಳ ಬಗ್ಗೆ ಚಿಂತಿಸುವ ವೈದ್ಯನಾಗಬೇಕೆಂಬುದು ಆ ಆಯ್ಕೆಯ ಒಳಗಿದ್ದ ಆಶಯ ಎಂದರೆ ತಪ್ಪಾಗಲಾರದು.

ನ್ಯೂಯಾರ್ಕಿನಲ್ಲಿ ಲಾಲಾಜಿಯ ಬಲಗೈ

ಮೊದಲ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಪಂಜಾಬಿನ ಸಿಂಹ ಲಾಲಾ ಲಜಪತರಾಯರು ಅಮೆರಿಕೆಯಲ್ಲಿದ್ದರು. ಯುದ್ಧ ಮುಗಿಯುವವರೆಗೆ ಅವರು ಭಾರತಕ್ಕೆ ಮರಳುವುದು ಬ್ರಿಟಿಷ್ ಸರಕಾರಕ್ಕೆ ಬೇಕಿರಲಿಲ್ಲ. ತಾಯ್ನಾಡಿಗೆ ಹೋಗಲಾಗದ ಅನಿವಾರ್ಯತೆಯನ್ನೇ ಅವಕಾಶವನ್ನಾಗಿ ಮಾಡಿಕೊಂಡ ಲಾಲಾಜಿ, ಭಾರತದ ಸ್ವರಾಜ್ಯದ ಬೇಡಿಕೆಯನ್ನು ಅಮೆರಿಕದ ಜನರ ಮುಂದಿಡಲು 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಸ್ಥಾಪಿಸಿದರು. ಆ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದವರು ಹರ್ಡೀಕರರು.

1918ರ ಜನವರಿಯಿಂದ ಲೀಗ್ 'ಯಂಗ್ ಇಂಡಿಯಾ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿತು. ಗಾಂಧೀಜಿಯವರು ಭಾರತದಲ್ಲಿ ಇದೇ ಹೆಸರಿನ ಪತ್ರಿಕೆಯ ಸಂಪಾದಕತ್ವ ವಹಿಸಿಕೊಳ್ಳುವುದಕ್ಕೂ ಮುಂಚಿನ ಮಾತಿದು. ಸದಸ್ಯರನ್ನು ಸೇರಿಸುವುದು, ಸಭೆಗಳನ್ನು ಏರ್ಪಡಿಸುವುದು, ಕರಪತ್ರ ಹಂಚುವುದು, ಊರೂರು ತಿರುಗಿ ಭಾಷಣ ಮಾಡುವುದು, ಲೆಕ್ಕಪತ್ರ ಇಡುವುದು ಇವೆಲ್ಲವೂ ಅಲ್ಲಿನ ನಿತ್ಯದ ಕೆಲಸ. ಬೆರಳೆಣಿಕೆಯ ಜನ, ಸಾಲದ ಹಣ, ಪರದೇಶ. ಮೇಲಾಗಿ ಬ್ರಿಟಿಷ್ ಗುಪ್ತಚರರ ಕಣ್ಣು. ಇಷ್ಟರ ನಡುವೆ ಸಂಸ್ಥೆಯೊಂದನ್ನು ನಡೆಸುವುದು ಹೇಗೆಂಬ ವಿದ್ಯೆಯನ್ನು ಹರ್ಡೀಕರರು ಅಲ್ಲಿ ಕಲಿತರು. ವಿಶ್ವವಿದ್ಯಾಲಯದ ಪದವಿಗಿಂತ ಮುಂದೆ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ವಿದ್ಯೆಯೇ.

1919ರ ಕೊನೆಗೆ ಲಾಲಾಜಿ ಅಮೆರಿಕ ಬಿಟ್ಟರು. ಹರ್ಡೀಕರರು 1921ರಲ್ಲಿ ತಾಯ್ನಾಡಿಗೆ ಮರಳಿದರು. ಅಷ್ಟರಲ್ಲಿ ದೇಶದ ಚಿತ್ರವೇ ಬದಲಾಗಿತ್ತು. ತಿಲಕರು 1920ರ ಆಗಸ್ಟ್ 1ರಂದು ಕಣ್ಮರೆಯಾಗಿದ್ದರು. ಅಸಹಕಾರ ಚಳವಳಿಯ ಮೂಲಕ ಗಾಂಧೀಜಿ ದೇಶದ ನಾಯಕತ್ವ ವಹಿಸಿದ್ದರು. ವಿದೇಶಿ ಪದವಿ ಪಡೆದ ವೈದ್ಯರಿಗೆ ಮುಂಬಯಿಯಲ್ಲೋ ಪುಣೆಯಲ್ಲೋ ದವಾಖಾನೆ ತೆರೆದು ಸುಖವಾಗಿರುವುದು ಕಷ್ಟವಿರಲಿಲ್ಲ. ಹರ್ಡೀಕರರು ಆರಿಸಿಕೊಂಡದ್ದು ಹುಬ್ಬಳ್ಳಿಯನ್ನು, ಸಾರ್ವಜನಿಕ ಸೇವೆಯನ್ನು.

ನಾಗಪುರದ ಸೆರೆಮನೆ ತಂದ ತಿರುವು

ಹುಬ್ಬಳ್ಳಿಯಲ್ಲಿ ಅವರು ತರುಣರನ್ನು ಕಲೆಹಾಕಿ ಸೇವಾ ಮಂಡಲವನ್ನು ಕಟ್ಟಿದರು. ಅಂದಿನ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರಿಗೇನೂ ಕೊರತೆಯಿರಲಿಲ್ಲ. ಆದರೆ ಅಧಿವೇಶನ ಬಂದಾಗ ಒಟ್ಟುಗೂಡಿ, ಬ್ಯಾಡ್ಜು ಧರಿಸಿ ಓಡಾಡಿ, ಅಧಿವೇಶನ ಮುಗಿದೊಡನೆ ಚದುರಿ ಹೋಗುವವರೇ ಹೆಚ್ಚು. ಉತ್ಸಾಹವಿತ್ತು, ಶಿಸ್ತು ಇರಲಿಲ್ಲ. ಘೋಷಣೆಯಿತ್ತು, ತರಬೇತಿ ಇರಲಿಲ್ಲ. ವರ್ಷವಿಡೀ ತರಬೇತಿ ಪಡೆಯುವ, ಕರೆದಾಗ ಬರುವ, ಹೇಳಿದ ಕೆಲಸ ಮಾಡುವ, ಆಯುಧವಿಲ್ಲದ ಒಂದು ಪಡೆ ದೇಶಕ್ಕೆ ಬೇಕೆಂಬುದು ಹರ್ಡೀಕರರ ಕನಸಾಗಿತ್ತು. ಕೇಳಿದವರಿಗೆ ಅದು ಒಬ್ಬ ವ್ಯಕ್ತಿಯ ಹಂಬಲವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಕನಸಿನ ಬೆಲೆ ಏನೆಂದು ತೋರಿಸಿಕೊಡುವ ಸಂದರ್ಭ 1923ರಲ್ಲಿ ಬಂತು. ನಾಗಪುರದಲ್ಲಿ ಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ಸರಕಾರ ನಿಷೇಧಿಸಿತು. ನಿಷೇಧವನ್ನು ಮುರಿಯಲು ದೇಶದ ನಾನಾ ಭಾಗಗಳಿಂದ ಸತ್ಯಾಗ್ರಹಿಗಳು ನಾಗಪುರಕ್ಕೆ ಹರಿದು ಬಂದರು. ಇತಿಹಾಸದಲ್ಲಿ ಝಂಡಾ ಸತ್ಯಾಗ್ರಹವೆಂದು ಹೆಸರಾದದ್ದು ಇದೇ. ಹುಬ್ಬಳ್ಳಿಯ ಸೇವಾ ಮಂಡಲದ ತರುಣರೊಡನೆ ಹರ್ಡೀಕರರೂ ಹೋಗಿ ಸೆರೆಯಾದರು.

ಸೆರೆಮನೆಯ ಕಷ್ಟ ಸಾಮಾನ್ಯವಾಗಿರಲಿಲ್ಲ. ಅದನ್ನು ತಾಳಲಾರದೆ ಅನೇಕ ಸತ್ಯಾಗ್ರಹಿಗಳು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಬಗ್ಗಲಿಲ್ಲ. ಅವರೇನೂ ಬೇರೆಯವರಿಗಿಂತ ಗಟ್ಟಿ ದೇಹದವರಾಗಿರಲಿಲ್ಲ. ಕಷ್ಟಕ್ಕೆ ಮೊದಲೇ ಮನಸ್ಸನ್ನು ಅಣಿಗೊಳಿಸಿಕೊಂಡಿದ್ದರು ಅಷ್ಟೇ. ಈ ಸುದ್ದಿ ಕಾಂಗ್ರೆಸ್ಸಿನ ಹಿರಿಯರ ಗಮನ ಸೆಳೆಯಿತು. ಕರ್ನಾಟಕದ ಒಂದು ಊರಿನಲ್ಲಿ ಸಾಧ್ಯವಾದದ್ದು ಇಡೀ ದೇಶದಲ್ಲಿ ಏಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆ ಎದ್ದಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಆಂಧ್ರದ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಮೌಲಾನಾ ಮಹಮ್ಮದ್ ಅಲಿ ಅಧ್ಯಕ್ಷರು. ಅಲ್ಲಿಯೇ ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಘಟನೆಗೆ ಅಂಕುರಾರ್ಪಣೆಯಾಯಿತು. ಅದು ಹಿಂದೂಸ್ತಾನಿ ಸೇವಾದಳವೆಂದು ಹೆಸರಾಯಿತು. ಅದರ ಮೊದಲ ಅಧ್ಯಕ್ಷರಾದವರು ಮೂವತ್ತನಾಲ್ಕರ ಹರೆಯದ ಜವಾಹರಲಾಲ್ ನೆಹರೂ. ಬೆನ್ನೆಲುಬಾಗಿ ನಿಂತವರು ಹರ್ಡೀಕರರು.

ಹಾದಿ ಸುಗಮವಾಗಿರಲಿಲ್ಲ

ಸಂಸ್ಥೆ ಹುಟ್ಟಿತೆಂದ ಮಾತ್ರಕ್ಕೆ ಎಲ್ಲರೂ ಅದನ್ನು ಒಪ್ಪಿಕೊಂಡರೆಂದಲ್ಲ. ಸಮವಸ್ತ್ರ, ಕವಾಯತು, ಸಾಲುಗಟ್ಟಿ ನಡೆಯುವುದು ಇವೆಲ್ಲ ಸೈನ್ಯದ ಲಕ್ಷಣಗಳಲ್ಲವೇ, ಅಹಿಂಸೆಯ ತತ್ತ್ವಕ್ಕೆ ಇದು ಹೊಂದುವುದೇ ಎಂಬ ಸಂಶಯ ಕಾಂಗ್ರೆಸ್ಸಿನ ಒಳಗೇ ಇತ್ತು. ಪಕ್ಷದ ಹಿಡಿತಕ್ಕೆ ಸಿಗದ ಇನ್ನೊಂದು ಶಕ್ತಿಕೇಂದ್ರ ಬೆಳೆದೀತೆಂಬ ಅಳುಕೂ ಕೆಲವರಿಗಿತ್ತು. ಇದು ತಳ್ಳಿಹಾಕುವ ಮಾತಾಗಿರಲಿಲ್ಲ. ಜಗತ್ತಿನ ಬೇರೆಡೆ ಅದೇ ಕಾಲದಲ್ಲಿ ಸಮವಸ್ತ್ರದ ಖಾಸಗಿ ಪಡೆಗಳು ಪ್ರಜಾಪ್ರಭುತ್ವವನ್ನೇ ನುಂಗಿದ ಉದಾಹರಣೆಗಳಿವೆ. ಇಟಲಿಯಲ್ಲಿ ಮುಸೊಲಿನಿಯ ಕರಿ ಅಂಗಿಯವರು 1922ರಲ್ಲಷ್ಟೇ ರೋಮಿಗೆ ನುಗ್ಗಿದ್ದರು.

ಹರ್ಡೀಕರರು ಈ ಸಂಶಯಕ್ಕೆ ವಾದದಿಂದಲ್ಲ, ಕೆಲಸದಿಂದ ಉತ್ತರ ಕೊಟ್ಟರು. ಅದಕ್ಕೆ ವೇದಿಕೆಯಾದದ್ದು 1924ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವೆಂಬ ಹೆಗ್ಗಳಿಕೆ ಅದರದು. ಕರ್ನಾಟಕ ಕೇಸರಿ ಗಂಗಾಧರರಾವ್ ದೇಶಪಾಂಡೆಯವರು ಅದರ ಏರ್ಪಾಡಿನ ಹೊಣೆ ಹೊತ್ತಿದ್ದರು. ಅಧಿವೇಶನದ ನೆಲೆಗೆ ವಿಜಯನಗರವೆಂದು ಹೆಸರಿಡಲಾಗಿತ್ತು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂಬ ಹೆಸರು. ಸ್ವಯಂಸೇವಕ ದಳದ ನೇತೃತ್ವ ಹರ್ಡೀಕರರದು.

ಸಾವಿರಾರು ಜನ ಒಂದೆಡೆ ಸೇರಿದಾಗ ನೀರು, ನೈರ್ಮಲ್ಯ, ಪ್ರಥಮ ಚಿಕಿತ್ಸೆ, ಜನಸಂದಣಿಯ ನಿಯಂತ್ರಣ ಎಲ್ಲವೂ ಸವಾಲೇ. ಪ್ಲೇಗು, ಕಾಲರಾಗಳ ಭಯವಿನ್ನೂ ಮಾಸಿರದ ಕಾಲದಲ್ಲಂತೂ ಹೇಳಬೇಕಾದ್ದೇ ಇಲ್ಲ. ಸಾರ್ವಜನಿಕ ಆರೋಗ್ಯ ಶಾಸ್ತ್ರ ಓದಿದ ವೈದ್ಯರೊಬ್ಬರು ಸ್ವಯಂಸೇವಕರ ಮುಂದಾಳಾಗಿದ್ದುದು ಎಷ್ಟು ಉಚಿತವಾಗಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಮಿಶಿಗನ್ನಿನಲ್ಲಿ ಕಲಿತ ಪಾಠ ಬೆಳಗಾವಿಯ ಟಿಳಕವಾಡಿಯ ಬಯಲಿನಲ್ಲಿ ಕೆಲಸಕ್ಕೆ ಬಂತು.

ಆ ಅಧಿವೇಶನದ ಇನ್ನೊಂದು ವಿಶೇಷ ಮಹಿಳಾ ಸ್ವಯಂಸೇವಕಿಯರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಸೇವಾದಳದ ಮಹಿಳಾ ವಿಭಾಗದ ಮುಂದಾಳತ್ವ ವಹಿಸಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಅವರು ಊರೂರು ಸುತ್ತಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸೇವೆಗೆ ಅಣಿಗೊಳಿಸಿದರು. ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ, ಅದರಲ್ಲೂ ವಿಧವೆಯರು ಸಾರ್ವಜನಿಕವಾಗಿ ಕಾಣಿಸಿಕೊಳ್ಳುವುದೇ ಅಮಂಗಳವೆಂದು ಭಾವಿಸಿದ್ದ ಸಮಾಜದಲ್ಲಿ, ಇದು ಸಣ್ಣ ಸಂಗತಿಯಲ್ಲ. ಕಮಲಾದೇವಿ ಚಟ್ಟೋಪಾಧ್ಯಾಯರಂಥವರು ಸಾರ್ವಜನಿಕ ಜೀವನದ ಮೊದಲ ಹೆಜ್ಜೆಗಳನ್ನಿಟ್ಟದ್ದೂ ಸೇವಾದಳದ ಮೂಲಕವೇ.

ಮುಂದಿನ ವರ್ಷಗಳಲ್ಲಿ ಹುಬ್ಬಳ್ಳಿ ಸೇವಾದಳದ ಕೇಂದ್ರವಾಯಿತು. ಅಲ್ಲಿಂದ 'ದಿ ವಾಲಂಟಿಯರ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಬರತೊಡಗಿತು. ದೇಶದ ಹಲವೆಡೆ ತರಬೇತಿ ಶಿಬಿರಗಳು ನಡೆದವು. ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ಮಾಡುವ ಪದ್ಧತಿಯನ್ನು ಸೇವಾದಳ ರೂಢಿಗೆ ತಂದಿತು. ಇಂದು ಶಾಲೆಯ ಮಕ್ಕಳೂ ಸರಾಗವಾಗಿ ಮಾಡುವ ಧ್ವಜವಂದನೆಗೆ ಒಂದು ಕ್ರಮ, ಒಂದು ಗಾಂಭೀರ್ಯ ಬಂದುದರ ಹಿಂದೆ ಹರ್ಡೀಕರರ ಪಡೆಯ ಶ್ರಮವಿದೆ ಎಂಬುದು ಬಹುಮಂದಿಗೆ ತಿಳಿಯದು.

ಕನಸು ಕೈದಾಟಿದಾಗ

1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೇವಾದಳದ ಕಾರ್ಯಕರ್ತರು ಮುಂಚೂಣಿಯಲ್ಲಿದ್ದರು. ಸಂಸ್ಥೆಯ ಸತ್ವವೇನೆಂಬುದು ಎಲ್ಲರಿಗೂ ಮನವರಿಕೆಯಾಯಿತು. 1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಘಟನೆಯನ್ನಾಗಿ ಸ್ವೀಕರಿಸಿತು.

ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಎಂಟು ವರ್ಷ ಸಾಕಿ ಬೆಳೆಸಿದ ಸಂಸ್ಥೆಯೊಂದು ದೊಡ್ಡ ಸಂಸ್ಥೆಯ ಅಂಗವಾಗುವುದೆಂದರೆ ಸ್ಥಾಪಕನ ಪಾಲಿಗೆ ಅದು ಗೆಲುವೂ ಹೌದು, ಬಿಟ್ಟುಕೊಡುವಿಕೆಯೂ ಹೌದು. ಇನ್ನು ಮುಂದೆ ಅದರ ನೀತಿ ನಿರ್ಧಾರಗಳು ತನ್ನೊಬ್ಬನ ಕೈಯಲ್ಲಿರುವುದಿಲ್ಲ. ಸಂಸ್ಥೆ ಕಟ್ಟಿದವರು ಇಂಥ ಹೊತ್ತಿನಲ್ಲಿ ಮುನಿದು ಹೊರನಡೆದ, ಇಲ್ಲವೇ ಪ್ರತ್ಯೇಕ ಬಣ ಕಟ್ಟಿಕೊಂಡ ನಿದರ್ಶನಗಳು ನಮ್ಮಲ್ಲಿ ಬೇಕಾದಷ್ಟಿವೆ. ಹರ್ಡೀಕರರು ಹಾಗೆ ಮಾಡಲಿಲ್ಲ. ಕನಸು ತನ್ನದಾಗಿದ್ದರೂ ಅದರ ಫಲ ದೇಶದ್ದು ಎಂಬ ತಿಳಿವಳಿಕೆ ಅವರದಾಗಿತ್ತು.

ಆದರೆ ಗೆಲುವಿನ ಬೆನ್ನಿಗೇ ಪೆಟ್ಟೂ ಬಿತ್ತು. 1932ರಲ್ಲಿ ಸರಕಾರ ಕಾಂಗ್ರೆಸ್ಸಿನ ಜೊತೆಗೆ ಸೇವಾದಳವನ್ನೂ ಕಾನೂನುಬಾಹಿರವೆಂದು ಸಾರಿತು. ಎರಡು ವರ್ಷಗಳ ಬಳಿಕ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧ ಸಡಿಲಿದರೂ ಸೇವಾದಳದ ಮೇಲಿನ ನಿಷೇಧ ಹಾಗೆಯೇ ಉಳಿಯಿತು. ಭಾಷಣ ಮಾಡುವ ನಾಯಕರಿಗಿಂತ ಶಿಸ್ತಿನಿಂದ ಕೆಲಸ ಮಾಡುವ ಕಾರ್ಯಕರ್ತರ ಬಗ್ಗೆ ಆಳುವವರಿಗೆ ಹೆಚ್ಚಿನ ಅಂಜಿಕೆಯಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಘಟಪ್ರಭಾದ ಕರೆ

ಈ ರಾಜಕೀಯದ ಏಳುಬೀಳುಗಳ ನಡುವೆಯೇ ಹರ್ಡೀಕರರ ಬದುಕಿನ ಇನ್ನೊಂದು ಕನಸು ಚಿಗುರೊಡೆಯುತ್ತಿತ್ತು. ಅದು ವೈದ್ಯನ ಕನಸು. 1929ರಲ್ಲಿ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯ ಧಾಮ ತಲೆಯೆತ್ತಿತು. ಡಾ. ಜಿ.ಆರ್. ಕೊಕಟನೂರ ಅವರ ಮುಂದಾಳತ್ವದಲ್ಲಿ ಆರಂಭವಾದ ಈ ಸಂಸ್ಥೆಗೆ ಹರ್ಡೀಕರರೂ ಹೆಗಲು ಕೊಟ್ಟರು.

ಊರಿನ ಆಯ್ಕೆಯೂ ಗಮನಾರ್ಹ. ಪಟ್ಟಣದ ಗದ್ದಲವಿಲ್ಲದ, ರೈಲಿನ ಸೌಕರ್ಯವಿದ್ದ, ನದಿಯ ನೀರು ಮತ್ತು ಬಯಲಿನ ಗಾಳಿ ಎರಡೂ ಸಿಗುವ ಜಾಗವದು. ಪಕ್ಕದಲ್ಲಿ 1897ರ ಸುಮಾರಿಗೆ ಕಟ್ಟಿದ ಧೂಪದಾಳದ ಒಡ್ಡು. ಅತ್ತ ಜಲಪಾತದ ನೀರಿನ ಬಲದಿಂದ 1880ರ ದಶಕದಿಂದಲೇ ನಡೆಯುತ್ತಿದ್ದ ಗೋಕಾಕ ಫಾಲ್ಸಿನ ಹತ್ತಿ ಗಿರಣಿ. ಸುತ್ತ ಮೂಡಲಗಿ, ಹುಕ್ಕೇರಿ, ಗೋಕಾಕ ಕಡೆಯ ನೂರಾರು ಹಳ್ಳಿಗಳು. ಚಿಕಿತ್ಸೆಗೆ ಬೆಳಗಾವಿಗೋ ಮಿರಜಿಗೋ ಹೋಗಬೇಕಾಗಿದ್ದ ಈ ಹಳ್ಳಿಗಳ ಜನರಿಗೆ ಕೈಯಳತೆಯಲ್ಲೊಂದು ಆಸ್ಪತ್ರೆ ಬಂತು. ದೊಡ್ಡ ಶಹರದಲ್ಲಿ ಇರಬಹುದಾದ ಸಂಸ್ಥೆಯನ್ನು ಹಳ್ಳಿಗಾಡಿಗೆ ತಂದು ನಿಲ್ಲಿಸಿದ್ದು ಅಂದಿನ ಮಟ್ಟಿಗೆ ಸಾಹಸವೇ. ಸಂಸ್ಥೆ ಇಂದಿಗೂ ಆ ಭಾಗದ ಜನರ ಸೇವೆಯಲ್ಲಿದೆ.

ಘಟಪ್ರಭಾದಲ್ಲಿ ನೆಲೆನಿಂತ ಹರ್ಡೀಕರರು ಸೇವಾದಳದ ತರಬೇತಿಗೂ ಅದನ್ನೇ ನೆಲೆಯಾಗಿಸಿದರು. ಒಂದೆಡೆ ಆರೋಗ್ಯ ಧಾಮ, ಇನ್ನೊಂದೆಡೆ ತರಬೇತಿ ಕೇಂದ್ರ. ದೇಹದ ಆರೋಗ್ಯ ಮತ್ತು ಸಮಾಜದ ಶಿಸ್ತು ಎರಡನ್ನೂ ಒಂದೇ ವೈದ್ಯದೃಷ್ಟಿಯಿಂದ ಕಂಡವರಿಗೆ ಇವೆರಡೂ ಬೇರೆಬೇರೆಯಾಗಿ ತೋರಿರಲಿಕ್ಕಿಲ್ಲ.

ಸ್ವಾತಂತ್ರ್ಯದ ನಂತರ

ದೇಶ ಸ್ವತಂತ್ರವಾಯಿತು. ಜೈಲು ಕಂಡು ಬಂದ ಅನೇಕರು ಮಂತ್ರಿ ಪದವಿಗಳತ್ತ ನಡೆದರು. ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಬಿಡುಗಡೆಗೊಂಡು ವಿಶಾಲ ಮೈಸೂರಿಗೆ ಸೇರಿದ್ದನ್ನು ಕಣ್ತುಂಬ ಕಂಡರು. 1958ರಲ್ಲಿ ಭಾರತ ಸರಕಾರ ಪದ್ಮಭೂಷಣ ನೀಡಿ ಗೌರವಿಸಿತು. ಆದರೆ ಅಧಿಕಾರದ ಕುರ್ಚಿ ಅವರನ್ನು ಸೆಳೆಯಲಿಲ್ಲ. ಅವರ ಮನಸ್ಸು ಇದ್ದದ್ದು ಮಕ್ಕಳು ಮತ್ತು ತರುಣರ ನಡುವೆ.

ಸ್ವರಾಜ್ಯ ಬಂದ ಮೇಲೆ ಸೇವಕನಿಗೆ ಕೆಲಸ ಮುಗಿಯಿತೆಂದು ಅವರು ತಿಳಿಯಲಿಲ್ಲ. ರಾಜಕೀಯದ ಸೋಂಕಿಲ್ಲದೆ ಶಾಲೆಗಳ ಮಕ್ಕಳಲ್ಲಿ ಶಿಸ್ತು, ಐಕ್ಯತೆ, ಸೇವಾಭಾವ ಬೆಳೆಸಲು ಭಾರತ ಸೇವಾದಳ ರೂಪುಗೊಂಡಿತು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಓದಿದ ಅನೇಕರಿಗೆ ಬಿಳಿಯ ಟೋಪಿ ಧರಿಸಿ ಸಾಲಿನಲ್ಲಿ ನಿಂತ, ರಾಷ್ಟ್ರಗೀತೆಯನ್ನು ನಿಗದಿತ ಕಾಲದಲ್ಲಿ ಹಾಡಲು ಕಲಿತ ನೆನಪಿರುತ್ತದೆ. ಆ ಸಾಲಿನ ಆರಂಭದಲ್ಲಿ ನಿಂತವರು ಯಾರೆಂಬುದು ಮಾತ್ರ ನೆನಪಿರುವುದಿಲ್ಲ.

1975ರ ಆಗಸ್ಟ್ 26ರಂದು ಹರ್ಡೀಕರರು ತಮ್ಮ 86ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಅಂಚೆ ಇಲಾಖೆ ಅವರ ಭಾವಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಅವರ ಪತ್ರಗಳು ಮತ್ತು ಕಾಗದಪತ್ರಗಳು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಂಗ್ರಹವಾಗಿವೆ. ಆ ಸಂಸ್ಥೆ 2023ರಿಂದ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯವೆಂದು ಕರೆಯಲ್ಪಡುತ್ತಿದೆ. ಘಟಪ್ರಭಾದಲ್ಲಿ ಸೇವಾದಳದ ತರಬೇತಿ ಕೇಂದ್ರ ಅವರ ಹೆಸರನ್ನು ಉಳಿಸಿಕೊಂಡಿದೆ.

ಕನಸು ಕಾಣುವುದು ಹೇಗೆ?

ಕನಸು ಕಾಣಿರಿ, ದೊಡ್ಡ ಕನಸು ಕಾಣಿರಿ ಎಂಬ ಉಪದೇಶ ಇಂದು ಎಲ್ಲೆಡೆ ಕೇಳಿಬರುತ್ತದೆ. ಕನಸೆಂದರೆ ಹೆಚ್ಚಾಗಿ ಒಳ್ಳೆಯ ನೌಕರಿ, ದೊಡ್ಡ ಸಂಬಳ, ವಿದೇಶದ ವಾಸ ಎಂಬ ಅರ್ಥವೂ ಬಂದಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೂರು ವರ್ಷಗಳ ಹಿಂದೆ ವಿದೇಶದ ವಾಸ, ಪದವಿ ಎರಡನ್ನೂ ಪಡೆದಿದ್ದ ಒಬ್ಬರು, ಅವನ್ನು ಗುರಿಯೆಂದು ತಿಳಿಯದೆ ದಾರಿಯೆಂದು ತಿಳಿದರು ಎಂಬುದನ್ನು ಮರೆಯಬಾರದು.

ಹರ್ಡೀಕರರ ಬದುಕಿನಲ್ಲಿ ಪವಾಡಗಳಿಲ್ಲ. ಮೊದಲು ಒಂದು ಊರಿನಲ್ಲಿ ಕೆಲವೇ ತರುಣರೊಡನೆ ಮಾಡಿ ನೋಡಿದರು. ಸೆರೆಮನೆಯ ಒರೆಗಲ್ಲಿಗೆ ತಮ್ಮನ್ನೂ ಅವರನ್ನೂ ಒಡ್ಡಿಕೊಂಡರು. ಸಂಶಯಪಟ್ಟವರೊಡನೆ ಜಗಳಕ್ಕೆ ನಿಲ್ಲದೆ ಬೆಳಗಾವಿಯಲ್ಲಿ ದುಡಿದು ತೋರಿಸಿದರು. ಸಂಸ್ಥೆ ಬೆಳೆದಾಗ ಅದನ್ನು ತನ್ನದೆಂದು ಅಪ್ಪಿಕೊಂಡು ಕೂರದೆ ದೇಶಕ್ಕೆ ಒಪ್ಪಿಸಿದರು. ನಿಷೇಧದ ದಿನಗಳಲ್ಲಿ ಎದೆಗುಂದದೆ ಒಂದು ಪುಟ್ಟ ಊರಿನಲ್ಲಿ ಬೇರು ಬಿಟ್ಟರು. ವೈಯಕ್ತಿಕ ಕನಸು ಸಾರ್ವಜನಿಕ ಸಾಧನೆಯಾಗುವುದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ.

ಅವರು ಕಂಡ ಕನಸು ಪೂರ್ತಿಯಾಗಿದೆಯೇ ಎಂದು ಕೇಳಿದರೆ ಹೌದೆನ್ನುವುದು ಕಷ್ಟ. ಸೇವೆ ಎಂಬ ಪದ ಇಂದು ಸವೆದಿದೆ. ಕಾರ್ಯಕರ್ತ ಎಂಬ ಪದದ ಅರ್ಥವೂ ಬದಲಾಗಿದೆ. ಆದರೂ ನೆರೆ ಬಂದಾಗ, ರೋಗ ಹರಡಿದಾಗ ಯಾರ ಅಪ್ಪಣೆಗೂ ಕಾಯದೆ ಮುನ್ನುಗ್ಗುವ ತರುಣರು ಈಗಲೂ ನಮ್ಮ ನಡುವೆ ಇದ್ದಾರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಹರಿದು ಗೋಕಾಕದ ಮನೆ ಮಾರುಕಟ್ಟೆಗಳಿಗೆ ನುಗ್ಗಿದಾಗಲೂ ಜನರ ನೆರವಿಗೆ ಜನರೇ ಧಾವಿಸಿದ್ದನ್ನು ನಾಡು ಕಂಡಿದೆ. ಅಂಥವರಿಗೆ ತರಬೇತಿ ಬೇಕು, ಶಿಸ್ತು ಬೇಕು, ವರ್ಷವಿಡೀ ಎಚ್ಚರವಿರುವ ಒಂದು ಕೂಟ ಬೇಕು ಎಂದು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು ಹರ್ಡೀಕರರು.

ಮುಂದಿನ ಮಳೆಗಾಲದಲ್ಲಿ ಗೋಕಾಕ ಜಲಪಾತ ನೋಡಲು ಹೋಗುವವರು ಘಟಪ್ರಭಾದಲ್ಲೂ ಅರ್ಧ ಗಂಟೆ ನಿಂತು ಬರಲಿ.